ಒಂದು ಸುತ್ತು, ಎಷ್ಟು ದೂರ?

ನಮ್ಮ ಪಾಠ ವೀಕ್ಷಣಾ ನಮೂನೆಯಲ್ಲಿ ‘ಸ್ಥಳೀಯ ಉದಾಹರಣೆಗಳ ಬಳಕೆ’ ಎಂಬ ಒಂದು ಸಾಲು ಇದೆ. ಆ ಸಾಲಿಗೆ ಒಳ್ಳೆಯ ಅಂಕ ಬೀಳಲೆಂದು ನಾವು ಪ್ರಶಿಕ್ಷಣಾರ್ಥಿಗಳೆಲ್ಲ ಊರಿನ ಕೆರೆ, ಜಾತ್ರೆಯ ತೇರು, ಕಬ್ಬಿನ ಟ್ರ್ಯಾಕ್ಟರು ಎಂದು ಹುಡುಕಿ ಹುಡುಕಿ ಪಾಠಯೋಜನೆಯಲ್ಲಿ ಸೇರಿಸುತ್ತೇವೆ. ತರಗತಿಯಲ್ಲಿ ಅದರ ಹೆಸರು ಹೇಳುತ್ತೇವೆ, ಮಕ್ಕಳು ತಲೆಯಾಡಿಸುತ್ತಾರೆ, ಪಾಠ ಮುಂದೆ ಹೋಗುತ್ತದೆ. ಹುಕ್ಕೇರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ‘ಚಲನೆ’ ಪಾಠ ಮಾಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಉದಾಹರಣೆಯನ್ನು ಹೇಳುವುದು ಬೇರೆ, ಅಳೆಯುವುದು ಬೇರೆ. ಹೇಳಿದ ಉದಾಹರಣೆ ಪಾಠಕ್ಕೆ ಒಂದು ಅಲಂಕಾರ. ಅಳೆದ ಉದಾಹರಣೆಯೇ ಪಾಠ.

ನನ್ನ ಪಾಲಿಗೆ ಬಂದ ಭಾಗ ಏಕರೂಪ ವೃತ್ತೀಯ ಚಲನೆ. ಅದರ ಹಿಂದೆ ದೂರ, ಸ್ಥಾನಪಲ್ಲಟ, ಜವ, ವೇಗ ಮುಗಿದಿದ್ದವು. ಮಕ್ಕಳಿಗೆ ವ್ಯಾಖ್ಯೆಗಳು ಬಾಯಿಪಾಠ ಇದ್ದವು. ‘ಸರಳರೇಖೆಯ ಚಲನೆಗೆ ಉದಾಹರಣೆ?’ ಎಂದರೆ ‘ರೈಲು’, ‘ವೃತ್ತೀಯ ಚಲನೆಗೆ?’ ಎಂದರೆ ‘ಫ್ಯಾನು’. ಎರಡೂ ಸರಿ. ಆದರೆ ರೈಲು ಸರಳರೇಖೆಯಲ್ಲಿ ಓಡುವುದು ಅದರ ಗಾಲಿಗಳು ತಿರುಗುವುದರಿಂದ. ಆ ಎರಡು ಉತ್ತರಗಳ ನಡುವಿನ ಕೊಂಡಿಯನ್ನು ಯಾರೂ ಕೇಳಿರಲಿಲ್ಲ. ನಾವು ಚಲನೆಗಳಿಗೆ ಹೆಸರಿಟ್ಟು ಬೇರೆ ಬೇರೆ ಡಬ್ಬಿಗೆ ಹಾಕಿಬಿಡುತ್ತೇವೆ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಚಲನೆ ಹೇಗೆ ದಾಟುತ್ತದೆ ಎಂಬುದು ಉಳಿದುಹೋಗುತ್ತದೆ. ನಮ್ಮ ಸುತ್ತಲಿನ ಯಂತ್ರಗಳ ಅರ್ಧ ಬದುಕು ಇರುವುದೇ ಆ ದಾಟುವ ಜಾಗದಲ್ಲಿ.

ಹುಕ್ಕೇರಿ ತಾಲೂಕಿನ ಮನೆಗಳಿಗೆ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಆ ಕರೆಂಟು ನಮ್ಮ ಮನೆ, ಹೊಲ, ಅಂಗಡಿಗಳಿಗೆ ಬಂದು ಏನು ಮಾಡುತ್ತದೆ ಎಂದು ನೋಡಿ. ಬೆಳಕು, ಬಿಸಿ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಮೋಟರು. ಮನೆಯ ಮೋಟರಿಗೆ ಗೊತ್ತಿರುವುದು ಒಂದೇ ಕೆಲಸ, ತಿರುಗುವುದು. ನಮಗೆ ಬೇಕಾದದ್ದು ಮಾತ್ರ ಹಲವು ಸಲ ತಿರುಗುವಿಕೆ ಅಲ್ಲ. ಬಟ್ಟೆಗೆ ಸೂಜಿ ಚುಚ್ಚಬೇಕು, ಕಬ್ಬನ್ನು ಒಳಗೆ ಎಳೆಯಬೇಕು, ಬಾಗಿಲು ಮೇಲೇಳಬೇಕು. ತಿರುಗುವುದನ್ನು ನೇರ ಮಾಡುವ ಉಪಾಯ ಎಲ್ಲ ಕಡೆ ಬೇಕು.

ನಮ್ಮ ಅವ್ವ ಹೊಲಿಗೆ ಕೆಲಸ ಮಾಡುತ್ತಾಳೆ. ಹುಕ್ಕೇರಿಯ ನಮ್ಮ ಮನೆಯ ಹೊರಗಿನ ಕೋಣೆಯೇ ಅವಳ ಅಂಗಡಿ. ಪಾಠಕ್ಕೆ ಹೊಲಿಗೆ ಯಂತ್ರದ ತಲೆಯನ್ನು ಶಾಲೆಗೆ ಒಯ್ಯುತ್ತೇನೆ ಎಂದು ಕೇಳಿದಾಗ ಅವಳು ಕೂಡಲೇ ಒಪ್ಪಲಿಲ್ಲ. ಗಣೇಶ ಚೌತಿಗೆ ಹತ್ತು ದಿನ ಉಳಿದಿತ್ತು, ಜಂಪರಿನ ರಾಶಿ ಬಿದ್ದಿತ್ತು. ಒಂದು ದಿನ ಯಂತ್ರ ಇಲ್ಲವೆಂದರೆ ಒಂದು ದಿನದ ಗಳಿಕೆ ಇಲ್ಲ. ಕೊನೆಗೆ ಅವಳು ಹೇಳಿದ್ದು: “ಒಂದ ದಿನಾ ಕೊಡ್ತೀನಿ ನೋಡ ಯವ್ವಾ. ಸೂಜಿ ಇಲ್ಲೇ ತಗದಿಟ್ಟ ಹೋಗು. ಹುಡುಗೂರ ಬಟ್ಟ ಇಡ್ತಾವು. ಮತ್ತ ಸಂಜೀಕ ಮಷೀನ ಮನಿಗೆ ಬರಬೇಕು.” ಹನ್ನೆರಡು ಕಿಲೋ ತೂಗುವ ಆ ಕಬ್ಬಿಣದ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋದೆ. ಜೊತೆಗೆ ಅವ್ವ ಹೊಲಿದು ಕೊಟ್ಟ ಒಂದು ಬಿಳಿ ಬಟ್ಟೆಯ ಪಟ್ಟಿ ಇತ್ತು. ಅದರ ಮೇಲೆ ಕಪ್ಪು ದಾರದ ಒಂದೇ ಸಾಲು ಹೊಲಿಗೆ. ಒಂದು ದಿನದ ಗಳಿಕೆ ಕೊಟ್ಟು ಪಡೆದ ಉಪಕರಣ ಅದು. ‘ಇದು ಹೊಲಿಗೆ ಯಂತ್ರ’ ಎಂದು ತೋರಿಸಿ ಪಕ್ಕಕ್ಕಿಡಲು ನನಗೆ ಮನಸ್ಸಿರಲಿಲ್ಲ.

ಮಾರ್ಗದರ್ಶಿ ಉಪನ್ಯಾಸಕರಿಂದ ಮೊದಲೇ ಎರಡು ಅವಧಿಗಳಿಗೆ ಒಪ್ಪಿಗೆ ಪಡೆದಿದ್ದೆ. ಮೊದಲ ಅವಧಿಯಲ್ಲಿ ಒಂದೇ ಪ್ರಶ್ನೆಯಿಂದ ಶುರುಮಾಡಿದೆ. ಕೈಗಾಲಿ ಮುಟ್ಟಿ ತೋರಿಸಿ, “ಒಂದು ಸುತ್ತಿಗೆ ಎಷ್ಟು?” ಎಂದೆ. ಹಿಂದಿನ ಬೆಂಚಿನಿಂದ ಬಡಿಗೇರ ಮನೆಯ ಹುಡುಗ ಕೂಡಲೇ ಎದ್ದು ನಿಂತು, “ಎರಡ ನೂರ ರೂಪಾಯಿರಿ ಟೀಚರ್, ಹಿಡಿಕಿ ಬ್ಯಾರೆ” ಎಂದ. ತರಗತಿಯೆಲ್ಲ ನಗೆ. ಅವನ ತಪ್ಪೇನಿಲ್ಲ. ಕನ್ನಡದಲ್ಲಿ ಸುತ್ತಿಗೆ ಎಂದರೆ ಸುತ್ತಿಗೆಯೇ. ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬಿಡಿಸಿ ಬರೆದೆ: ‘ಒಂದು ಸುತ್ತು ತಿರುಗಿಸಿದರೆ, ಎಷ್ಟು ದೂರ ಸರಿಯುತ್ತದೆ?’ ಆ ನಗೆಯ ಪುಣ್ಯದಿಂದ ಪ್ರಶ್ನೆ ಯಾರಿಗೂ ಮರೆಯಲಿಲ್ಲ. ಮುಂದಿನ ಎರಡು ವಾರ ಹುಡುಗರು ನನ್ನನ್ನು ಕಂಡಾಗಲೆಲ್ಲ “ಒಂದ ಸುತ್ತಿಗೆ ಎಷ್ಟರಿ ಟೀಚರ್?” ಎನ್ನುತ್ತಿದ್ದರು.

ಯಂತ್ರದ ಎಡಬದಿಯ ಮುಚ್ಚಳವನ್ನು ಒಂದು ತಿರುಪು ಬಿಚ್ಚಿ ತೆಗೆದರೆ ಒಳಗಿನದೆಲ್ಲ ಕಾಣುತ್ತದೆ. ಕೈಗಾಲಿ ತಿರುಗಿದಂತೆ ಮೇಲಿನ ಉದ್ದ ದಂಡ ತಿರುಗುತ್ತದೆ. ದಂಡದ ತುದಿಯಲ್ಲಿ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಒಂದು ಮೊಳೆ ಇದೆ. ಆ ಮೊಳೆಯಿಂದ ಒಂದು ಚಿಕ್ಕ ಕೊಂಡಿ ಸೂಜಿ ಹಿಡಿಯುವ ಸರಳಿಗೆ ಸೇರಿದೆ. ಸರಳು ಮೇಲೊಂದು ಕೆಳಗೊಂದು ತೂತಿನೊಳಗೆ ಹಾಯ್ದು ಹೋಗಿದೆ. ಮಕ್ಕಳು ಸಾಲಾಗಿ ಬಂದು ನೋಡಿದರು. ‘ಸೂಜಿ ನೇರವಾಗಿಯೇ ಏಕೆ ಹೋಗುತ್ತದೆ? ಮೊಳೆ ದುಂಡಗೆ ಓಡುತ್ತದಲ್ಲ?’ ಎಂದು ಕೇಳಿದೆ. ಒಬ್ಬಳು, “ಆ ತೂತು ಬಿಡೂದಿಲ್ರಿ” ಎಂದಳು. ಪಠ್ಯದ ಭಾಷೆಯಲ್ಲಿ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ತಿರುಗುವ ತೋಳು, ನಡುವಿನ ಕೊಂಡಿ, ಅತ್ತಿತ್ತ ಹೋಗಲು ಬಿಡದ ದಾರಿ, ಈ ಮೂರು ಸೇರಿದರೆ ಸುತ್ತು ನೇರವಾಗುತ್ತದೆ.

ಆಮೇಲೆ ಅಳತೆ. ಕೈಗಾಲಿಯ ಅಂಚಿಗೆ ದಾರ ಸುತ್ತಿ, ದಾರವನ್ನು ಅಳೆದು, ಹನ್ನೆರಡು ಸಮಭಾಗ ಮಾಡಿ, ಗಾಲಿಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಒಂದೊಂದು ಗುರುತು 30 ಡಿಗ್ರಿ. ಸರಳು ಅತಿ ಮೇಲೆ ಇರುವಲ್ಲಿಂದ ಶುರುಮಾಡಿ, ಒಂದೊಂದೇ ಗುರುತು ತಿರುಗಿಸುತ್ತಾ, ಸರಳಿನ ತುದಿ ಎಷ್ಟು ಇಳಿಯಿತು ಎಂದು ಅಳತೆಪಟ್ಟಿ ನಿಲ್ಲಿಸಿ ನೋಡಿದರು. ಅರ್ಧ ಸುತ್ತಿಗೆ ಆರು ಗುರುತು. ಮಕ್ಕಳು ಬರೆದ ಅಂಕೆಗಳು ಮಿಲಿಮೀಟರಿನಲ್ಲಿ ಹೀಗಿದ್ದವು: 1, 4, 7, 8, 7, 3. ಒಟ್ಟು 30.

ಈ ಆರು ಅಂಕೆಗಳ ಮೇಲೆ ಉಳಿದ ಅವಧಿಯೆಲ್ಲ ಕಳೆಯಿತು. ಗಾಲಿ ಪ್ರತಿಸಲ ಒಂದೇ ಅಳತೆ ತಿರುಗಿದೆ, ಸೂಜಿ ಮಾತ್ರ ಒಂದೇ ಅಳತೆ ಇಳಿದಿಲ್ಲ. ಮೇಲೆ ಇರುವಾಗ ಸಾವಕಾಶ, ನಡುವೆ ಅವಸರ, ಕೆಳಗೆ ಮತ್ತೆ ಸಾವಕಾಶ. ಗಾಲಿಯ ಜವ ಏಕರೂಪವಾಗಿದ್ದರೂ ಸೂಜಿಯ ಜವ ಏಕರೂಪವಲ್ಲ. ‘ಏಕರೂಪ’ ಎಂಬ ಪದ ಆ ದಿನ ಮಕ್ಕಳಿಗೆ ಕಣ್ಣಿಗೆ ಕಂಡಿತು. ಅದು ಇಲ್ಲದಿರುವ ಜಾಗವನ್ನು ಅವರು ತಾವೇ ಅಳೆದಿದ್ದರು.

ಇನ್ನೂ ಒಂದು ಸಂಗತಿ ಅಲ್ಲಿತ್ತು. ಮೊದಲ ಮೂರು ಗುರುತಿಗೆ ಸೂಜಿ ಇಳಿದದ್ದು 12 ಮಿಲಿಮೀಟರ್, ನಂತರದ ಮೂರಕ್ಕೆ 18. ಹಿಂದಿನ ರಾತ್ರಿ ಮನೆಯಲ್ಲಿ ಅಳೆದಾಗಲೂ ಹೀಗೆಯೇ ಬಂದಿತ್ತು. ಆದ್ದರಿಂದ ಯಾರಾದರೂ ಕೇಳಲಿ ಎಂದು ಸುಮ್ಮನಿದ್ದೆ. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗ ಕೇಳಿದ: “ಕಾಲ್ ಸುತ್ತು ಆದಾಗ ಅರ್ಧ ಇಳೀಬೇಕಿತ್ತಲ್ರಿ?” ಆಗ ಎರಡನೆಯ ಉಪಕರಣ ಹೊರತೆಗೆದೆ. ರಟ್ಟಿನ ಒಂದು ಬಿಲ್ಲೆ, ಮಧ್ಯದಿಂದ 5 ಸೆಂಟಿಮೀಟರ್ ದೂರದಲ್ಲಿ ಒಂದು ಮೊಳೆ. ಆ ಮೊಳೆ ಒಂದು ಅಡ್ಡ ಸೀಳಿನೊಳಗೆ ಜಾರುತ್ತದೆ. ಸೀಳು ಕೊರೆದ ರಟ್ಟು ಎರಡು ಪಟ್ಟಿಗಳ ನಡುವೆ ಮೇಲೆ ಕೆಳಗೆ ಮಾತ್ರ ಹೋಗಬಲ್ಲದು. ಇದರಲ್ಲಿ ಕೊಂಡಿ ಇಲ್ಲ. ಅಳೆದರೆ 7, 18, 25, 25, 18, 7 ಮಿಲಿಮೀಟರ್. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡೂ ಸಮ. ಹಾಗಾದರೆ ಯಂತ್ರದಲ್ಲಿ ವ್ಯತ್ಯಾಸ ತಂದದ್ದು ಆ ಕೊಂಡಿ. ಮೊಳೆ ಪಕ್ಕಕ್ಕೆ ಸರಿದಾಗ ಕೊಂಡಿ ಓರೆಯಾಗುತ್ತದೆ. ಓರೆಯಾದ ಕೊಂಡಿ ನೇರ ಅಳತೆಯಲ್ಲಿ ಗಿಡ್ಡಾಗುತ್ತದೆ, ಅಷ್ಟು ಸೂಜಿ ಮೇಲೆ ಉಳಿಯುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿದ ನಿಚ್ಚಣಿಕೆಯ ತುದಿ ನೆಟ್ಟಗೆ ನಿಲ್ಲಿಸಿದ್ದಕ್ಕಿಂತ ಕೆಳಗೆ ಇರುತ್ತದಲ್ಲ, ಅದೇ ಲೆಕ್ಕ. ಕೊಂಡಿ ಉದ್ದವಾದಷ್ಟೂ ಈ ವ್ಯತ್ಯಾಸ ಕಡಿಮೆ.

ದೂರ ಮತ್ತು ಸ್ಥಾನಪಲ್ಲಟಕ್ಕೆ ಬೇಕಾದ ಉದಾಹರಣೆ ಅದೇ ಮೇಜಿನ ಮೇಲಿತ್ತು. ಒಂದು ಪೂರ್ಣ ಸುತ್ತಿನಲ್ಲಿ ಸೂಜಿ 30 ಮಿಲಿಮೀಟರ್ ಇಳಿದು 30 ಮಿಲಿಮೀಟರ್ ಏರುತ್ತದೆ. ಕ್ರಮಿಸಿದ ದೂರ 60 ಮಿಲಿಮೀಟರ್, ಸ್ಥಾನಪಲ್ಲಟ ಸೊನ್ನೆ. ಅದೇ ಸುತ್ತಿನಲ್ಲಿ ಬಟ್ಟೆಯೂ ಸರಿಯುತ್ತದೆ. ಅವ್ವನ ಬಿಳಿ ಪಟ್ಟಿಯನ್ನು ಕೊಟ್ಟು ಹೊಲಿಗೆ ಎಣಿಸಲು ಹೇಳಿದೆ. 5 ಸೆಂಟಿಮೀಟರಿಗೆ 20 ಹೊಲಿಗೆ. ಒಂದು ಸುತ್ತಿಗೆ ಒಂದು ಹೊಲಿಗೆ, ಅಂದರೆ ಬಟ್ಟೆ ಸುತ್ತಿಗೆ 2.5 ಮಿಲಿಮೀಟರ್ ಮುಂದೆ ಹೋಗುತ್ತದೆ. ಬಟ್ಟೆಯ ಕೆಳಗಿನ ಹಲ್ಲುಗಳು ಮೇಲೆದ್ದು, ಬಟ್ಟೆ ಹಿಡಿದು, ಮುಂದೆ ಸರಿಸಿ, ಕೆಳಗಿಳಿದು, ಖಾಲಿ ಕೈಯಲ್ಲಿ ಹಿಂದೆ ಬರುತ್ತವೆ. ಒಂದೇ ತಿರುಗುವ ದಂಡದಿಂದ ಎರಡು ನೇರ ಚಲನೆಗಳು. ಒಂದು ಹೋಗಿ ಹೋಗಿ ಬರುತ್ತದೆ, ಇನ್ನೊಂದು ಹೋಗುತ್ತಲೇ ಇರುತ್ತದೆ. ಸೂಜಿಯ ಸ್ಥಾನಪಲ್ಲಟ ಸೊನ್ನೆ, ಬಟ್ಟೆಯದು ಕೂಡುತ್ತಾ ಹೋಗುತ್ತದೆ. ಕೂಡುತ್ತಾ ಹೋದದ್ದೇ ಜಂಪರು, ಲಂಗ, ಶಾಲೆಯ ಸಮವಸ್ತ್ರ.

ಸಂಜೆ ಹೇಳಿದಂತೆ ಯಂತ್ರ ಮನೆಗೆ ಬಂತು. ತಲೆಯನ್ನು ಮೇಜಿಗೆ ಕೂಡಿಸಿ ಪಟ್ಟೆ ಹಾಕುವಾಗ ಅವ್ವ, “ಏನ ಕಲಿಸಿದಿ?” ಎಂದಳು. ಸೂಜಿ ಮೇಲೆ ಕೆಳಗೆ ಸಾವಕಾಶ, ನಡುವೆ ಅವಸರ ಎಂದು ಅಂಕೆ ತೋರಿಸಿದೆ. ಅವಳು ಅಂಕೆ ನೋಡಲಿಲ್ಲ. “ಹಂಗ ಇರಾಕs ಬೇಕಲ್ಲ. ಸೂಜಿ ಕೆಳಗ ಮುಟ್ಟಿ ಒಂಚೂರು ಮ್ಯಾಲ ಎದ್ದ ಕೂಡ್ಲೇ ದಾರ ಸಡ್ಲ ಆಗತೈತಿ. ಸಡ್ಲ ಇದ್ದಾಗ ಕೆಳಗಿನ ಕೊಕ್ಕಿ ಅದನ್ನ ಹಿಡಕೋಬೇಕು. ಅಲ್ಲಿ ಸೂಜಿ ಅವಸರ ಮಾಡಿದ್ರ ಹೊಲಿಗಿ ಬೀಳೂದಿಲ್ಲ” ಎಂದಳು. ಯಂತ್ರ ಹೊಲಿಗೆ ಬಿಡಲು ಶುರುಮಾಡಿದರೆ ಅವಳು ಮೊದಲು ನೋಡುವುದೇ ಆ ಜಾಗವನ್ನು. ನಾನು ಮಕ್ಕಳಿಗೆ ಸೂಜಿ ‘ಹೇಗೆ’ ಚಲಿಸುತ್ತದೆ ಎಂದು ತೋರಿಸಿದ್ದೆ. ಆ ಚಲನೆ ‘ಯಾತಕ್ಕೆ’ ಬೇಕು ಎಂಬುದು ಅವ್ವನ ಬಳಿ ಇತ್ತು. ಮರುದಿನದ ಪಾಠ ಅವಳ ಮಾತಿನಿಂದಲೇ ಶುರುವಾಯಿತು.

ಅವಳಿಂದ ಕಲಿತದ್ದು ಮತ್ತೊಂದಿದೆ. ಹೊಲಿಗೆ ಶುರುಮಾಡುವಾಗ ಅವಳು ಮೊದಲು ಕೈಯಿಂದ ಗಾಲಿಯನ್ನು ತುಸು ತಿರುಗಿಸಿ, ಆಮೇಲೆ ಕಾಲು ಒತ್ತುತ್ತಾಳೆ. ಚಿಕ್ಕಂದಿನಿಂದ ನೋಡಿದ್ದೇನೆ. ಕಾಲ್ಮಣೆಯಿಂದ ಮೇಲೆ ಬರುವ ಸರಳು ಮತ್ತು ದೊಡ್ಡ ಗಾಲಿಯ ತೋಳು ಒಂದೇ ಗೆರೆಗೆ ಬಂದು ನಿಂತಾಗ ಎಷ್ಟು ಒತ್ತಿದರೂ ಗಾಲಿ ತಿರುಗುವುದಿಲ್ಲ. ಒತ್ತಡವೆಲ್ಲ ಗಾಲಿಯ ನಡುವಿಗೇ ಹೋಗುತ್ತದೆ. ಸ್ವಲ್ಪ ಆಚೀಚೆ ಇದ್ದರೆ ತಿರುಗೀತು, ಆದರೆ ಹಿಂದುಮುಂದಾಗಿ ತಿರುಗಿ ದಾರ ಹರಿಯಬಹುದು. ಕೈಯ ಆ ಒಂದು ತಿರುವು ಗಾಲಿಯನ್ನು ಸತ್ತ ಜಾಗದಿಂದ ದಾಟಿಸಿ, ದಿಕ್ಕನ್ನೂ ಹೇಳಿಕೊಡುತ್ತದೆ. ಒಮ್ಮೆ ಓಟ ಹಿಡಿದ ಮೇಲೆ ಭಾರದ ಗಾಲಿ ತನ್ನ ಓಟದಿಂದಲೇ ಆ ಜಾಗವನ್ನು ದಾಟುತ್ತದೆ. ಡಿಸೆಲ್ ಇಂಜಿನ್ನಿಗೆ ದೊಡ್ಡ ಗಾಲಿ ಇರುವುದಕ್ಕೂ ಇದೊಂದು ಕಾರಣ. ಅಲ್ಲಿ ಪಿಸ್ಟನ್ನಿನ ನೇರ ಚಲನೆ ಸುತ್ತಾಗುತ್ತದೆ, ನಮ್ಮ ಸೂಜಿಯ ದಾರಿಯನ್ನೇ ಹಿಂದಿನಿಂದ ನಡೆದಂತೆ.

ಎರಡನೆಯ ಅವಧಿಗೆ ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೆ: ತಿರುಗಿಸಿದರೆ ನೇರ ಸರಿಯುವ ಯಾವುದಾದರೂ ವಸ್ತುವನ್ನು ಹುಡುಕಿ, ‘ಒಂದು ಸುತ್ತು, ಎಷ್ಟು ದೂರ’ ಎಂದು ಅಳೆದು ಬರಬೇಕು. ಓಡುತ್ತಿರುವ ಯಾವ ಯಂತ್ರದ ಹತ್ತಿರವೂ ಹೋಗಬಾರದು, ಕೈಯಿಂದ ತಿರುಗಿಸುವುದು ಇಲ್ಲವೇ ನಿಂತದ್ದು ಮಾತ್ರ, ಎಂಬ ಷರತ್ತು ಹಾಕಿದ್ದೆ. ಬಂದ ಅಳತೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತೇನೆ.

ಹಬ್ಬದ ಕಾಲವಾದ್ದರಿಂದ ಮೂವರು ಚಕ್ಕಲಿ ಒತ್ತುವ ಹಿತ್ತಾಳೆಯ ಯಂತ್ರ ಅಳೆದು ತಂದಿದ್ದರು. ಒಬ್ಬಳ ಮನೆಯದರಲ್ಲಿ ಹತ್ತು ಸುತ್ತಿಗೆ ಬಿಲ್ಲೆ 4 ಸೆಂಟಿಮೀಟರ್ ಇಳಿದಿತ್ತು, ಅಂದರೆ ಸುತ್ತಿಗೆ 4 ಮಿಲಿಮೀಟರ್. ತಿರುಪಿನ ಒಂದು ಎಳೆಯಿಂದ ಮುಂದಿನ ಎಳೆಗಿರುವ ಅಂತರವೂ ಅಷ್ಟೇ. ಹಿಡಿಕೆಯ ತುದಿ ಮಧ್ಯದಿಂದ 6 ಸೆಂಟಿಮೀಟರ್ ದೂರವಿತ್ತು. ಒಂದು ಸುತ್ತಿನಲ್ಲಿ ಕೈ ಸುಮಾರು 38 ಸೆಂಟಿಮೀಟರ್ ಓಡಿದರೆ ಬಿಲ್ಲೆ 4 ಮಿಲಿಮೀಟರ್ ಸರಿಯುತ್ತದೆ. 94 ಪಟ್ಟು ವ್ಯತ್ಯಾಸ. ಗಟ್ಟಿ ಹಿಟ್ಟು ಸಣ್ಣ ತೂತಿನಿಂದ ಹೊರಬರುವ ಬಲ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಅಲ್ಲಿದೆ. ಘರ್ಷಣೆ ಅದರಲ್ಲಿ ಬಹಳಷ್ಟನ್ನು ತಿಂದುಬಿಡುತ್ತದೆ ನಿಜ. ಆದರೆ ಅದೇ ಘರ್ಷಣೆಯಿಂದ ಕೈ ಬಿಟ್ಟರೂ ತಿರುಪು ಹಿಂದೆ ಜಾರುವುದಿಲ್ಲ.

ಗೋಕಾಕ ಕಡೆಯ ಸೋದರಮಾವನ ಊರಿಗೆ ಹೋಗಿದ್ದ ಹುಡುಗ ಕಾಲುವೆಯ ಬಾಗಿಲಿನ ಲೆಕ್ಕ ತಂದಿದ್ದ. ಹಂಚುಕಾಲುವೆಗೆ ನೀರು ಬಿಡುವ ಕಬ್ಬಿಣದ ಬಾಗಿಲಿಗೆ ಮೇಲೆ ಉದ್ದ ತಿರುಪಿನ ಸರಳು, ಅದಕ್ಕೊಂದು ತಿರುಗಿಸುವ ಹಿಡಿಕೆ. ನೀರು ಬಿಡುವವರನ್ನು ಕೇಳಿದರೆ, “ಹತ್ತ ಸುತ್ತಿಗೆ ನಾಕ ಬಟ್ಟ ಏಳತೈತಿ” ಎಂದರಂತೆ. ನಾಲ್ಕು ಬೆರಳೆಂದರೆ ಸುಮಾರು 8 ಸೆಂಟಿಮೀಟರ್, ಸುತ್ತಿಗೆ 8 ಮಿಲಿಮೀಟರ್. ಚಕ್ಕಲಿ ಯಂತ್ರಕ್ಕೂ ಘಟಪ್ರಭಾ ಕಾಲುವೆಯ ಬಾಗಿಲಿಗೂ ಉಪಾಯ ಒಂದೇ ಎಂದು ತಿಳಿದಾಗ ಮಕ್ಕಳ ಮುಖ ನೋಡಬೇಕಿತ್ತು. ಬಾಗಿಲನ್ನು ಎಷ್ಟು ಏರಿಸಿದರೆ ಅಷ್ಟಕ್ಕೇ ನಿಲ್ಲಬೇಕು, ನೀರಿನ ಒತ್ತಡಕ್ಕೂ ತನ್ನ ಭಾರಕ್ಕೂ ಜಗ್ಗಬಾರದು. ಅಲ್ಲಿ ಸೂಜಿಯ ತೋಳು–ಕೊಂಡಿ ಹಾಕಿದ್ದರೆ ಬಾಗಿಲು ಏರಿ ಏರಿ ಇಳಿಯುತ್ತಿತ್ತು.

ಸೈಕಲ್ ಅಳೆದವರು ಹಲವರು. 66 ಸೆಂಟಿಮೀಟರ್ ವ್ಯಾಸದ ಗಾಲಿ ಒಂದು ಸುತ್ತಿಗೆ 2 ಮೀಟರ್ 7 ಸೆಂಟಿಮೀಟರ್ ಓಡುತ್ತದೆ. ಗಾಲಿಯ ಪರಿಧಿಯೇ ದೂರ. ಕಬ್ಬಿನ ಹಂಗಾಮು ಇನ್ನೂ ಶುರುವಾಗಿರಲಿಲ್ಲ. ಬೆಲ್ಲದ ಗಾಣವಿರುವ ಮನೆಯ ಹುಡುಗ ನಿಂತ ಗಾಣದ ರೋಲಿಗೆ ದಾರ ಸುತ್ತಿ 80 ಸೆಂಟಿಮೀಟರ್ ಎಂದು ಬರೆದಿದ್ದ. ಜಾರದೆ ಹೋದರೆ ಒಂದು ಸುತ್ತಿಗೆ ಅಷ್ಟೇ ಉದ್ದದ ಕಬ್ಬು ಒಳಗೆ ಹೋಗುತ್ತದೆ. ಸೈಕಲಿನಲ್ಲಿ ನೆಲ ನಿಂತು ಗಾಲಿ ಮುಂದೆ ಹೋಗುತ್ತದೆ, ಗಾಣದಲ್ಲಿ ರೋಲು ನಿಂತು ಕಬ್ಬು ಮುಂದೆ ಹೋಗುತ್ತದೆ. ಲೆಕ್ಕ ಒಂದೇ. ನಮ್ಮ ಟಿ.ಎಲ್.ಎಂ. ಪೆಟ್ಟಿಗೆಯ ಅಂಟುಕಡ್ಡಿಯನ್ನು ಬುಡ ತಿರುಗಿಸಿ ಅಳೆದವಳೂ ಇದ್ದಳು. ಅದೂ ತಿರುಪೇ.

ಕರಿಹಲಗೆಯ ಮೇಲೆ ಇವನ್ನೆಲ್ಲ ಬರೆದ ಮೇಲೆ ಗುಂಪು ಮಾಡಲು ಹೇಳಿದೆ. ವಸ್ತುವಿನ ಹೆಸರಿನಿಂದಲ್ಲ, ‘ಒಂದು ಸುತ್ತು, ಎಷ್ಟು ದೂರ’ ಎಂಬುದರ ಉತ್ತರದಿಂದ. ನಾಲ್ಕು ಗುಂಪುಗಳಾದವು. ತಿರುಪು: ಸುತ್ತಿಗೆ ಒಂದು ಎಳೆಯ ಅಂತರ, ಹೋದಲ್ಲಿ ನಿಲ್ಲುತ್ತದೆ. ತೋಳು–ಕೊಂಡಿ: ತೋಳಿನ ಎರಡು ಪಟ್ಟು ಹೋಗಿ, ತಾನೇ ಹಿಂದೆ ಬರುತ್ತದೆ. ಗಾಲಿ, ರೋಲು: ಸುತ್ತಿಗೆ ಒಂದು ಪರಿಧಿ, ಹೋಗುತ್ತಲೇ ಇರುತ್ತದೆ. ಮೋಟರ್ ಕಾರಿನ ಸ್ಟೇರಿಂಗಿನಲ್ಲಿ ಹಲ್ಲುಗಾಲಿ ಒಂದು ಹಲ್ಲಿನ ಪಟ್ಟಿಯನ್ನು ಎಡಕ್ಕೆ ಬಲಕ್ಕೆ ಸರಿಸುತ್ತದೆ ಎಂದು ನಾನು ಹೇಳಿದ್ದನ್ನು ಅವರು ಇದೇ ಗುಂಪಿಗೆ ಸೇರಿಸಿದರು, ಸರಿಯಾಗಿಯೇ.

ನಾಲ್ಕನೆಯದು ಅವರ ಮನೆಗಳಿಂದ ಬರಲಿಲ್ಲ, ರಟ್ಟಿನಲ್ಲಿ ನಾನು ಮಾಡಿ ತೋರಿಸಿದೆ. ಹೃದಯದ ಆಕಾರದ ಒಂದು ಬಿಲ್ಲೆ, ಅದರ ಅಂಚಿನ ಮೇಲೆ ಒರಗಿದ ಒಂದು ಕಡ್ಡಿ. ಬಿಲ್ಲೆ ತಿರುಗಿದರೆ ಕಡ್ಡಿ ಏರಿ ಇಳಿಯುತ್ತದೆ. ಎಷ್ಟು, ಹೇಗೆ, ಎಲ್ಲಿ ತಡೆದು ನಿಲ್ಲಬೇಕು ಎಂಬುದೆಲ್ಲ ಬಿಲ್ಲೆ ಕತ್ತರಿಸಿದವರ ಇಷ್ಟ. ಇದು ಕ್ಯಾಮ್. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ ಧುಮುಕುವ ಕಡೆ 1885ರಲ್ಲಿ ಹುಟ್ಟಿದ ಹತ್ತಿ ಗಿರಣಿಯನ್ನು ಮಕ್ಕಳೆಲ್ಲ ಬಲ್ಲರು. ಜಲಪಾತ ನೋಡಲು ಹೋದವರು ಗಿರಣಿಯನ್ನೂ ನೋಡಿರುತ್ತಾರೆ. ನೂಲುವ ಯಂತ್ರಗಳಲ್ಲಿ ಕದಿರುಗಳು ನಿಂತಲ್ಲೇ ಗಿರಗಿರ ತಿರುಗುತ್ತವೆ. ಆದರೆ ನೂಲು ಒಂದೇ ಕಡೆ ಗುಡ್ಡೆಯಾಗದೆ ಮೇಲಿಂದ ಕೆಳಗೆ ಸಮವಾಗಿ ಸುತ್ತಿಕೊಳ್ಳಬೇಕಾದರೆ, ನೂಲು ಹಾಯುವ ಉಂಗುರಗಳ ಉದ್ದ ಪಟ್ಟಿ ಏರುತ್ತಾ ಇಳಿಯುತ್ತಾ ಇರಬೇಕು. ರಿಂಗ್ ಯಂತ್ರಗಳಲ್ಲಿ ಆ ಕೆಲಸ ಮಾಡುವುದು ಇಂಥದೇ ಒಂದು ಹೃದಯಾಕಾರದ ಕ್ಯಾಮ್. ಬೆಳಗಾವಿಯ ವಡಗಾವಿಯಲ್ಲಿ ವಿದ್ಯುತ್ ಮಗ್ಗ ನೋಡಿದವರು, ಹಾಸಿನ ಎಳೆಗಳು ಮೇಲೆ ಕೆಳಗೆ ಆಗಿ ಲಾಳಿಗೆ ದಾರಿ ಬಿಡುವುದನ್ನು ಕಂಡಿರುತ್ತಾರೆ. ಲಾಳಿ ದಾಟುವವರೆಗೆ ಎಳೆಗಳು ಹಾಗೆಯೇ ತೆರೆದು ನಿಲ್ಲಬೇಕು. ಹಾಗೆ ತಡೆದು ನಿಲ್ಲಿಸಲು ಅಲ್ಲಿಯೂ ಕ್ಯಾಮ್ ಬೇಕು.

ಈ ಉಪಾಯಗಳು ನಿನ್ನೆ ಮೊನ್ನೆಯವಲ್ಲ. ಅಲ್ ಜಜರಿ ಎಂಬ ಯಂತ್ರಕಾರ 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ತೋಳು ತಿರುಗಿಸಿ ನೀರೆತ್ತುವ ಪಂಪನ್ನು ವಿವರಿಸಿದ್ದಾನೆ. ಜೇಮ್ಸ್ ವಾಟ್‌ಗೆ ಬೇಕಾದದ್ದು ಇದರ ತಿರುವು, ಉಗಿಯ ನೇರ ತಳ್ಳುವಿಕೆಯಿಂದ ಸುತ್ತು. ತೋಳಿನ ಉಪಾಯಕ್ಕೆ 1780ರಲ್ಲಿ ಬೇರೊಬ್ಬರು ಪೇಟೆಂಟ್ ಪಡೆದಿದ್ದರಿಂದ ಅವನು 1781ರಲ್ಲಿ ಹಲ್ಲುಗಾಲಿಗಳ ಬೇರೆ ದಾರಿ ಹುಡುಕಿದ. ಹೊಲಿಗೆ ಯಂತ್ರದಲ್ಲೂ ಹಾಗೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದ ಸೂಜಿ ಬಾಗಿದ್ದು, ಕಮಾನಿನಂತೆ ಬೀಸುತ್ತಿತ್ತು. 1851ರ ಸಿಂಗರ್ ಯಂತ್ರದಲ್ಲಿ ಅದು ನೆಟ್ಟಗಾಗಿ ಮೇಲೆ ಕೆಳಗೆ ಹೋಗತೊಡಗಿತು. ಅವ್ವನ ಸೂಜಿ ಅದೇ ವಂಶದ್ದು. ಇಷ್ಟನ್ನು ಐದು ನಿಮಿಷದಲ್ಲಿ ಹೇಳಿದೆ. ಮಕ್ಕಳು ಇದನ್ನು ಕಥೆಯಂತೆ ಕೇಳಿದರು, ಏಕೆಂದರೆ ಆಗಲೇ ಅವರ ಕೈ ಗಾಲಿ ತಿರುಗಿಸಿತ್ತು.

ಘಟಕ ಪರೀಕ್ಷೆಯಲ್ಲಿ ‘ದೂರ ಸೊನ್ನೆಯಲ್ಲದೆ ಸ್ಥಾನಪಲ್ಲಟ ಸೊನ್ನೆಯಾಗುವ ಒಂದು ಸಂದರ್ಭ ಬರೆಯಿರಿ’ ಎಂಬ ಪ್ರಶ್ನೆ ಇತ್ತು. ಹೆಚ್ಚಿನವರು ಮೈದಾನ ಸುತ್ತುವ ಓಟಗಾರನನ್ನೇ ಬರೆದರು. ಕೆಲವರು ಸೂಜಿ ಬರೆದರು. ಒಬ್ಬಳು ಚಕ್ಕಲಿ ಯಂತ್ರ ಎಂದು ಬರೆದಿದ್ದಳು. ಮೌಲ್ಯಮಾಪನಕ್ಕೆ ಕುಳಿತ ನನ್ನ ಸಹಪಾಠಿ ಅದಕ್ಕೆ ಅಂಕ ಕೊಡಲಿಲ್ಲ: ತಿರುಪು ಹೋದಲ್ಲಿ ನಿಲ್ಲುತ್ತದೆ ಎಂದು ನೀನೇ ಕಲಿಸಿದ್ದೀ. ಹುಡುಗಿಯನ್ನು ಕರೆದು ಕೇಳಿದೆವು. “ಹಿಟ್ಟ ತೀರಿದ ಮ್ಯಾಲ ಮತ್ತ ಹಿಟ್ಟ ತುಂಬಾಕ ತಿರಪ ವಾಪಸ್ ಮ್ಯಾಲ ತರಬೇಕಲ್ರಿ” ಎಂದಳು. ಸಹಪಾಠಿ ನಕ್ಕು ಪೂರ್ಣ ಅಂಕ ಕೊಟ್ಟಳು. ಸ್ಥಾನಪಲ್ಲಟ ಎಂಬುದು ವಸ್ತುವಿನ ಗುಣವಲ್ಲ, ನಾವು ಎಲ್ಲಿಂದ ಎಲ್ಲಿಯವರೆಗೆ ನೋಡುತ್ತೇವೆ ಎಂಬುದರ ಮಾತು. ಆ ಹುಡುಗಿಗೆ ಅದು ಅಡುಗೆಮನೆಯಲ್ಲಿ ತಿಳಿದಿತ್ತು.

ವೀಕ್ಷಣಾ ಹಾಳೆಯಲ್ಲಿ ನನ್ನ ಪಾಠಕ್ಕೆ ಬಂದ ಟಿಪ್ಪಣಿ: ‘ಚಟುವಟಿಕೆ ಉತ್ತಮ, ಎರಡು ಅವಧಿ ಬೇಕಾಯಿತು, ಎಲ್ಲ ಘಟಕಗಳಿಗೂ ಹೀಗೆ ಸಾಧ್ಯವೇ?’ ನ್ಯಾಯವಾದ ಪ್ರಶ್ನೆ. ಎಲ್ಲ ಘಟಕಗಳಿಗೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಹತ್ತು ಉದಾಹರಣೆಗಳ ಹೆಸರು ಹೇಳುವ ಜಾಗದಲ್ಲಿ ಒಂದನ್ನು ಅಳೆದರೆ ಸಾಕು ಎಂಬುದಷ್ಟೇ ನನ್ನ ಉತ್ತರ. ಅಳೆದ ಒಂದರ ಬೆನ್ನಿಗೆ ಉಳಿದ ಒಂಬತ್ತನ್ನು ಮಕ್ಕಳೇ ಮನೆಯಿಂದ ತರುತ್ತಾರೆ. ನೀವು ಬೋಧನಾಭ್ಯಾಸಕ್ಕೆ ಹೋಗುವ ಊರಿನಲ್ಲಿ ಹೊಲಿಗೆ ಯಂತ್ರ ಸಿಗದಿರಬಹುದು, ಚಕ್ಕಲಿ ಯಂತ್ರ, ಜಾಕು, ಸೈಕಲ್ ಸಿಕ್ಕೇ ಸಿಗುತ್ತವೆ. ಅವು ಯಾರ ಮನೆಯಿಂದ ಬಂದವೋ ಆ ಮನೆಯವರನ್ನು ಒಂದು ಮಾತು ಕೇಳಿ: ಇದು ಹೀಗೇ ಏಕೆ ಇರಬೇಕು? ಅವರ ಉತ್ತರವನ್ನು ಪಾಠಯೋಜನೆಯ ‘ವಿಸ್ತರಣೆ’ ಹಂತದಲ್ಲಿ ಬರೆಯಿರಿ.

ಕೊನೆಯ ದಿನ ಆ ಲೆಕ್ಕದ ಹುಡುಗ ಕೇಳಿದ: “ಟೀಚರ್, ತಿರುಗೂದನ್ನ ನೇರ ಮಾಡಾಕ ಇಷ್ಟ ಒದ್ದಾಡತೀವಿ. ನೇರನ ಎಳಿಯೂ ಮೋಟರ ಇಲ್ಲೇನ್ರಿ?” ಇದೆ. ಸುರುಳಿಯೊಳಗೆ ಕರೆಂಟು ಹರಿದರೆ ಕಬ್ಬಿಣದ ಸರಳನ್ನು ನೇರ ಒಳಗೆ ಎಳೆದುಕೊಳ್ಳುತ್ತದೆ. ಗಾಲಿ ತಿರುಗದೆ ರೈಲನ್ನೇ ನೇರ ದೂಡುವ ಮೋಟರುಗಳೂ ಶಾಂಘೈಯಲ್ಲಿ ಓಡುತ್ತಿವೆ. ಆದರೆ ನನ್ನ ಅವಧಿಗಳು ಮುಗಿದಿದ್ದವು. ಸುರುಳಿ ಮತ್ತು ಕಾಂತತ್ವ ಅವರಿಗೆ ಹತ್ತನೆಯ ತರಗತಿಯಲ್ಲಿ ಬರುತ್ತದೆ. ಅವನ ಪ್ರಶ್ನೆಯನ್ನು ಅವನ ಹೆಸರಿನ ಸಮೇತ ಒಂದು ಹಾಳೆಯಲ್ಲಿ ಬರೆದು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಕೊಟ್ಟು ಬಂದಿದ್ದೇನೆ. ಅವರು ಅದನ್ನು ಹತ್ತನೆಯ ತರಗತಿಯ ತಮ್ಮ ಪಾಠದ ಟಿಪ್ಪಣಿಯೊಳಗೆ ಇಟ್ಟುಕೊಂಡರು.